ಬಿಳಿ ಕಾರುಗಳ ಸಾಲಿನಲ್ಲಿ ಅಶ್ವಿನ್

ಕಾರಿನ ಹಿಂದಿನ ಸೀಟು ಖಾಲಿಯಾಗಿತ್ತು.

ಕೃತಿ ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತಳು. ಸೀಟಿನ ಮೇಲೆ ತಮ್ಮನ ಬ್ಯಾಗಿಲ್ಲ, ನೀರಿನ ಬಾಟಲಿಯಿಲ್ಲ, ತಮ್ಮನೂ ಇಲ್ಲ. ಎಲ್ಲಾದರೂ ಅಡಗಿ ಕುಳಿತು ಹೆದರಿಸುವುದೆಂದರೆ ಅಶ್ವಿನ್‌ಗೆ ಬಹಳ ಇಷ್ಟ. ಅವಳು ಬಗ್ಗಿ ಸೀಟಿನ ಕೆಳಗೂ ನೋಡಿದಳು.

“ಕಾಕಾ, ನನ್ನ ತಮ್ಮ ಎಲ್ಲಿ?” ಎಂದು ಮರಾಠಿಯಲ್ಲಿ ಕೇಳಿದಳು.

ಡ್ರೈವರ್ ಹಿಂದಕ್ಕೆ ತಿರುಗಿದ. “ಯಾವ ತಮ್ಮ? ಇಬ್ಬರು ಬರ್ತಾರೆ ಅಂತ ನಿಮ್ಮ ಮಮ್ಮಿ ಫೋನಿನಲ್ಲಿ ಹೇಳಿದ್ರು. ನಾನು ಗೇಟಿಗೆ ಬಂದು ನಿಂತಿದ್ದೇ ಈಗ. ಜಲ್ದಿ ಕೂತ್ಕೋ ಪೋರಿ, ಹಿಂದಿನವರು ಹಾರ್ನ್ ಹೊಡೀತಿದ್ದಾರೆ.”

ಬಂದು ನಿಂತಿದ್ದೇ ಈಗ.

ಹಾಗಾದರೆ ಸ್ವಲ್ಪ ಹೊತ್ತಿಗೆ ಮುಂಚೆ ಗೇಟಿನಲ್ಲಿ ಕಂಡ ಬಿಳಿ ಕಾರು ಇದಲ್ಲ.

ಆಗ ಅವಳು ಗೆಳತಿ ರಾಗಿಣಿಯ ಜೊತೆ ಶಾಲೆಯ ಜಗಲಿಯಲ್ಲಿ ಮಂಡಿಯೂರಿ, ವಿಜ್ಞಾನದ ಚಾರ್ಟಿಗೆ ಬಣ್ಣ ತುಂಬುತ್ತಿದ್ದಳು. ಒಂದನೇ ತರಗತಿಯ ಅಶ್ವಿನ್ ಅವಳ ತೋಳು ಜಗ್ಗಿ, “ಅಕ್ಕಾ, ಕಾರ್ ಬಂತು,” ಎಂದಿದ್ದ. ಅವಳು ತಲೆ ಎತ್ತದೆಯೇ, “ಹೋಗು, ಆ ಬಿಳಿ ಕಾರಿನ್ಯಾಗ ಕೂಡು. ನಾ ಬಂದೆ,” ಎಂದಿದ್ದಳು.

ಈಗ ತಲೆ ಎತ್ತಿ ನೋಡಿದಳು. ಗೇಟಿನಿಂದ ಗಲ್ಲಿಯ ತುದಿಯ ಸಿಗ್ನಲ್ಲಿನವರೆಗೆ ಕಾರುಗಳು ಒಂದರ ಹಿಂದೆ ಒಂದು ನಿಂತಿದ್ದವು. ಎಲ್ಲವೂ ಬಿಳಿ.

ಕಳೆದ ವರ್ಷದವರೆಗೆ ಈ ಗಲ್ಲಿ ಹೀಗಿರಲಿಲ್ಲ. ಹಳದಿ ಬಣ್ಣದ ಶಾಲಾ ಬಸ್ಸೊಂದು ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತಿತ್ತು. ಆಮೇಲೆ ಯಾರದೋ ಮನೆಯವರು ಮೊಬೈಲಿನಲ್ಲಿ ಕ್ಯಾಬ್ ಕರೆಸಲು ಶುರುಮಾಡಿದರು. ಅವರನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು. ಬಸ್ಸಿನ ಸೀಟುಗಳು ಖಾಲಿಯಾಗುತ್ತಾ ಹೋದವು. ಈ ವರ್ಷ ಬಸ್ಸೇ ನಿಂತುಹೋಯಿತು.

ಈಗ ಶಾಲೆ ಬಿಡುವ ಹೊತ್ತಿಗೆ ನಡೆಯುವುದೇ ಬೇರೆ ಪದ್ಧತಿ. ಅಪ್ಪನೋ ಅಮ್ಮನೋ ಆಫೀಸಿನಿಂದಲೇ ಕಾರು ಬುಕ್ ಮಾಡುತ್ತಾರೆ. ಡ್ರೈವರಿಗೆ ಪಿನ್ ನಂಬರನ್ನು ಫೋನಿನಲ್ಲೇ ಹೇಳಿಬಿಡುತ್ತಾರೆ. ಕಾರಿನ ನಂಬರನ್ನು ಗೇಟಿನ ಗಾರ್ಡ್ ಮಾಮಾನಿಗೆ ತಿಳಿಸುತ್ತಾರೆ. ಮಾಮಾ ಮೈಕಿನಲ್ಲಿ ಹೆಸರು ಕೂಗುತ್ತಾನೆ. ಮಕ್ಕಳು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ಬಾಗಿಲು ತೆಗೆದು ಕುಳಿತರೆ ಸಾಕು, ಕಾರು ಹೊರಡುತ್ತದೆ.

ಕೃತಿ ಗಾರ್ಡ್ ಮಾಮಾನ ಬಳಿಗೆ ಓಡಿದಳು.

“ಮಾಮಾ, ಅಶ್ವಿನ್ ಯಾವ ಗಾಡಿ ಹತ್ತಿದ, ನೋಡಿದ್ರಾ?”

“ನಿಮ್ಮಿಬ್ಬರ ಹೆಸರು ಈಗಷ್ಟೇ ಕೂಗಿದೆ,” ಎಂದ ಮಾಮಾ. “ಅದಕ್ಕೂ ಮೊದಲು ಕೂಗಿದ್ದು ಜಯಂತನ್ನ.”

ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದಲೇ ಜಯಂತ ಬಂದ. ಅವನು ಕೃತಿಯ ಕ್ಲಾಸಿನವನು. ಶೂಲೇಸ್ ಕಟ್ಟಿಕೊಳ್ಳಲು ಕುಳಿತರೆ ಬೇಗ ಏಳುವವನಲ್ಲ.

“ಮಾಮಾ, ನನ್ನ ಗಾಡಿ ಎಲ್ಲಿ? ಹೆಸರು ಕೂಗಿದ್ರಿ, ಬಂದು ನೋಡಿದ್ರೆ ಗಾಡೀನೇ ಇಲ್ಲ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಂದ್ರೆ ನಿನ್ನ ತಮ್ಮ ನನ್ನ ಗಾಡಿ ಹಾರಿಸ್ಕೊಂಡು ಹೋದ,” ಎಂದು ಜಯಂತ ನಕ್ಕ. ಕೃತಿಯ ಮುಖ ನೋಡಿದವನೇ ನಗುವನ್ನು ಅಲ್ಲೇ ನಿಲ್ಲಿಸಿದ.

ಜಯಂತನ ಮನೆ ಇದ್ದದ್ದು ಊರಿನ ಹಳೆಯ ಪೇಟೆ ಮಹಾಲ್‌ನಲ್ಲಿ. ಕೃತಿ ಒಮ್ಮೆ ಅಪ್ಪನ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಿದ್ದಳು. ಗಲ್ಲಿಯೊಳಗಿಂದ ಗಲ್ಲಿ, ಎಲ್ಲಿ ನೋಡಿದರೂ ಅಂಗಡಿ, ಜನ, ಸ್ಕೂಟರು. ಕಾರುಗಳು ಒಳಗೆ ಹೋಗುವುದೇ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಜಯಂತನ ಕಾರಿನ ಡ್ರೈವರ್ ಅಲ್ಲಿ ಯಾವುದೋ ಗಲ್ಲಿಯ ಬಾಯಿಗೆ ಕಾರು ನಿಲ್ಲಿಸಿ, “ಬಂತು ನಿನ್ನ ಮನೆ, ಇಳಿ,” ಎನ್ನುತ್ತಾನೆ. ಅಶ್ವಿನ್ ಇಳಿಯುತ್ತಾನೆ. ಅವನಿಗೆ ಮಮ್ಮಿಯ ಫೋನ್ ನಂಬರ್ ಬಾಯಿಗೆ ಬರುವುದಿಲ್ಲ. ಐದು ಅಂಕಿ ಹೇಳಿ ಆಮೇಲೆ ಮರೆಯುತ್ತಾನೆ.

ಮಾಮಾ ಆಗಲೇ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ. “ಜಯಂತನ ಪಪ್ಪಾ ಎತ್ತುತ್ತಿಲ್ಲ. ನಿಮ್ಮ ಮಮ್ಮಿಗೆ ಮಾಡ್ತೀನಿ. ನೀನು ಇಲ್ಲೇ ನಿಂತಿರು, ಬೇಟಾ.”

ಕೃತಿ ಗಲ್ಲಿಯನ್ನು ಮತ್ತೊಮ್ಮೆ ನೋಡಿದಳು. ಒಂದು ಕಡೆ ಶಾಲೆಯ ಗೋಡೆ, ಇನ್ನೊಂದು ಕಡೆ ನರ್ಸಿಂಗ್ ಹೋಮಿನ ಗೋಡೆ. ನಡುವೆ ಒಂದೇ ಸಾಲು. ಯಾವ ಕಾರೂ ಯಾವ ಕಾರನ್ನೂ ಹಿಂದೆ ಹಾಕುವಂತಿಲ್ಲ. ಸಾಲು ಆಮೆಯಂತೆ ತೆವಳುತ್ತಿತ್ತು. ಆದರೆ ಸಿಗ್ನಲ್ ದಾಟಿದ ಕಾರು ದೊಡ್ಡ ರಸ್ತೆಗೆ ಬಿದ್ದ ಹಾಗೆ. ಆಮೇಲೆ ಅದನ್ನು ಯಾರು ಹಿಡಿದಾರು?

“ಮಾಮಾ, ನೀವು ಫೋನ್ ಮಾಡ್ತಾ ಇರಿ. ನಾನು ಫುಟ್‌ಪಾತ್ ಮೇಲೇ ಹೋಗ್ತೀನಿ. ರಸ್ತೆ ದಾಟೋದಿಲ್ಲ,” ಎಂದವಳೇ ಓಡಿದಳು.

“ಏ ಕೃತಿ, ಇರೇ, ನಾನೂ ಬರ್ತೀನಿ,” ಎಂದು ರಾಗಿಣಿ ಚಾರ್ಟನ್ನು ಗೇಟಿಗೆ ಒರಗಿಸಿ ಹಿಂದೆಯೇ ಬಂದಳು. ಈ ಮರಾಠಿ ಊರಿನಲ್ಲಿ ಕೃತಿಯ ಮನೆಯವರಂತೆ ರಾಗಿಣಿಯ ಮನೆಯವರೂ ಕನ್ನಡದವರು, ಬೆಂಗಳೂರಿನವರು. ಕೃತಿಯ ಜೊತೆ ಕನ್ನಡದಲ್ಲೇ ಮಾತು, ಕನ್ನಡದಲ್ಲೇ ಜಗಳ. “ನನ್ನ ಗಾಡಿ ಅದು,” ಎನ್ನುತ್ತ ಜಯಂತನೂ ಹೊರಟ. ಮಾಮಾನ ಸೀಟಿ ಮೂವರ ಬೆನ್ನಿಗೆ ಬಡಿಯಿತು.

ಫುಟ್‌ಪಾತ್ ಕಿರಿದಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾದ ಕಾರುಗಳು ಮೊಣಕಾಲಿಗೆ ಬಿಸಿಗಾಳಿ ಉಗುಳುತ್ತಿದ್ದವು. ಹೊಗೆಯ ವಾಸನೆಗೆ ಕೃತಿಯ ಗಂಟಲು ಉರಿಯಿತು. ಅವಳು ಒಂದೊಂದು ಕಿಟಕಿಗೂ ಕೈ ಅಡ್ಡ ಹಿಡಿದು ಒಳಗೆ ಇಣುಕಿದಳು. ಮುಚ್ಚಿದ ಗಾಜು, ಒಳಗೆ ಏಸಿಯ ತಂಪು, ಹಿಂದಿನ ಸೀಟಿನಲ್ಲಿ ಒಬ್ಬರೇ ಒಬ್ಬರು. ಒಂದರಲ್ಲಿ ಚಿಪ್ಸ್ ತಿನ್ನುತ್ತಿದ್ದ ಹುಡುಗ. ಇನ್ನೊಂದರಲ್ಲಿ ಗಾಜಿಗೆ ಹಣೆ ಒತ್ತಿ ಕುಳಿತ ಹುಡುಗಿ. ಮುಂದಿನದರಲ್ಲಿ ಯಾರೂ ಇದ್ದಂತೆಯೇ ಕಾಣಲಿಲ್ಲ.

“ಗಾಜಿಗೆ ಕೈ ಹಚ್ಚಬೇಡ, ಏ,” ಎಂದು ಒಬ್ಬ ಡ್ರೈವರ್ ಗದರಿದ.

“ನಂಬರ್ ಗೊತ್ತಿದೆಯೇನೋ, ಜಯಂತ?” ರಾಗಿಣಿ ಹಿಂದಿಯಲ್ಲಿ ಕೇಳಿದಳು.

“ಮಾಮಾ ಕೂಗಿದಾಗ ಸರಿಯಾಗಿ ಕೇಳಲಿಲ್ಲ. ಲೇಸ್ ಕಟ್ತಿದ್ದೆ.”

“ನಿನ್ನ ಲೇಸಿಗೆ ಬೆಂಕಿ ಬೀಳ,” ಎಂದಳು ರಾಗಿಣಿ ಕನ್ನಡದಲ್ಲಿ.

ಅಷ್ಟರಲ್ಲಿ ತುದಿಯಲ್ಲಿ ಸಿಗ್ನಲ್ ಹಸಿರಾಯಿತು. ಇಡೀ ಸಾಲು ಒಮ್ಮೆ ಮುಲುಗಿ ಮುಂದಕ್ಕೆ ಜರುಗಿತು. ಮುಂದಿನ ಕೆಲವು ಕಾರುಗಳು ದೊಡ್ಡ ರಸ್ತೆಗೆ ಜಾರಿಕೊಂಡವು. ಕೃತಿ ಇಣುಕುವುದನ್ನು ಬಿಟ್ಟು ನಿಂತಳು.

ಅವುಗಳಲ್ಲಿ ಒಂದರಲ್ಲಿ ಅಶ್ವಿನ್ ಇದ್ದರೆ?

ಇದ್ದರೆ ಈಗ ಏನು ಮಾಡಲೂ ಆಗದು. ಇಲ್ಲದಿದ್ದರೆ? ಒಂದೊಂದೇ ಕಿಟಕಿ ಇಣುಕುತ್ತಾ ಹೋದರೆ, ಅವಳು ಹಿಂದಿನ ಕಾರನ್ನು ನೋಡುವಷ್ಟರಲ್ಲಿ ಮುಂದಿನದು ಹೊರಟುಹೋಗುತ್ತದೆ. ಹೀಗೆ ಹುಡುಕಿದರೆ ಸಿಗುವುದಿಲ್ಲ.

“ರಾಗಿಣಿ, ಹುಡುಕೂದು ಬ್ಯಾಡ,” ಎಂದಳು.

“ಏನೇ ಹೇಳ್ತಿದ್ದೀಯಾ?”

“ಮೊದ್ಲ ಸಾಲಿನ ಬಾಯಿಗೆ ಮುಚ್ಚಳ ಹಾಕಬೇಕು. ಬಾಟ್ಲಿಗೆ ಹಾಕ್ತಾರಲ್ಲ, ಹಂಗ. ಆಮ್ಯಾಲೆ ಹುಡುಕೂಣು.”

ಅವಳು ಓಡಿದಳು. ಈ ಸಲ ಯಾವ ಕಿಟಕಿಯನ್ನೂ ನೋಡಲಿಲ್ಲ. ಸಿಗ್ನಲ್ ಮತ್ತೆ ಕೆಂಪಾಗಿ, ಅಂಕಿಗಳು ಇಳಿಯತೊಡಗಿದ್ದವು. ಸಾಲಿನ ತೀರ ಮುಂದೆ ನಿಂತಿದ್ದ ಕಾರಿನ ಗಾಜನ್ನು ಎರಡೂ ಕೈಗಳಿಂದ ಬಡಿದಳು.

ಗಾಜು ಇಳಿಯಿತು. ದಪ್ಪ ಮೀಸೆಯ ಡ್ರೈವರ್. “ಏನಾಯ್ತು, ಪೋರಿ?”

“ಕಾಕಾ, ಹಸಿರು ಬಿದ್ದರೂ ಹೊರಡಬೇಡಿ. ನನ್ನ ತಮ್ಮ ತಪ್ಪಿ ಬೇರೆಯವರ ಕಾರು ಹತ್ತಿದ್ದಾನೆ. ಈ ಸಾಲಿನಲ್ಲೇ ಇರಬಹುದು. ಸಣ್ಣವನು. ನೀವು ಹೋದರೆ ಹಿಂದಿನವರೆಲ್ಲಾ ಹೋಗ್ತಾರೆ.”

ಡ್ರೈವರ್ ಸಿಗ್ನಲ್ಲನ್ನೂ ಅವಳನ್ನೂ ನೋಡಿದ. “ಸುಮ್ಮನೆ ಹೀಗೇ ನಿಂತರೆ ಹಿಂದಿನವರು ನನ್ನ ಮೆರವಣಿಗೆ ತೆಗೀತಾರೆ. ಹಿಂದೆ ಕೂತಿರೋ ಈ ಬೇಬಿಯ ಮಮ್ಮಿ ಮೊಬೈಲಿನಲ್ಲಿ ನನ್ನ ಗಾಡಿ ಎಲ್ಲಿದೆ ಅಂತ ನೋಡ್ತಾ ಕೂತಿರ್ತಾಳೆ. ಯಾಕೆ ನಿಂತೆ ಅಂತ ಫೋನ್ ಬರುತ್ತೆ. ಸಂಜೆಗೆ ಒಂದೇ ಸ್ಟಾರ್. ಮುಂದಿನ ವಾರ ಬುಕಿಂಗೇ ಇಲ್ಲ.”

“ಕೃತಿ ಅಕ್ಕಾ?” ಹಿಂದಿನ ಸೀಟಿನಿಂದ ಒಂದು ದನಿ ಕೇಳಿಸಿತು.

ಮೂರನೇ ತರಗತಿಯ ಗ್ರೀಷ್ಮಾ. ಬಸ್ಸಿದ್ದಾಗ ದಿನವೂ ಸಿಗುತ್ತಿದ್ದವಳು. ಬಸ್ಸು ನಿಂತ ಮೇಲೆ ಇಂದೇ ಅವಳನ್ನು ಇಷ್ಟು ಹತ್ತಿರದಿಂದ ನೋಡಿದ್ದು.

“ಅಶ್ವಿನ್ ಕಳೆದುಹೋದ್ನಾ?” ಗ್ರೀಷ್ಮಾ ಮುಂದಿನ ಸೀಟಿನತ್ತ ಬಾಗಿದಳು. “ಕಾಕಾ, ನಿಲ್ಲಿಸಿ. ಮಮ್ಮಿಗೆ ನಾನು ಹೇಳ್ತೀನಿ. ಅವನು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂರ್ತಿದ್ದ. ನನ್ನ ಬಿಸ್ಕತ್ತೆಲ್ಲಾ ಅವನೇ ತಿಂತಿದ್ದ.”

ಸಿಗ್ನಲ್ ಹಸಿರಾಯಿತು. ಹಿಂದಿನಿಂದ ಒಂದು ಹಾರ್ನ್, ಕೂಡಲೇ ಹತ್ತು ಹಾರ್ನ್.

ಡ್ರೈವರ್ ಮೀಸೆಯ ಮೇಲೊಮ್ಮೆ ಕೈಯಾಡಿಸಿದ. ಆಮೇಲೆ ಎಂಜಿನ್ ಆರಿಸಿ, ಕೆಳಗಿಳಿದು, ಅವಸರವೇ ಇಲ್ಲದವನಂತೆ ಮುಂದಕ್ಕೆ ನಡೆದು ಬಾನೆಟ್ ಎತ್ತಿ ನಿಲ್ಲಿಸಿದ. ತಲೆಯನ್ನು ಅದರೊಳಗೆ ತೂರಿಸಿ ಕೃತಿಗೆ ಮಾತ್ರ ಕೇಳುವಂತೆ ಹೇಳಿದ: “ಸುಮ್ಮನೆ ನಿಂತವನಿಗೆ ಎಲ್ಲರೂ ಬೈತಾರೆ. ಕೆಟ್ಟು ನಿಂತ ಗಾಡಿಗೆ ಯಾರೂ ಬೈಯಲ್ಲ. ಹೋಗು, ಜಲ್ದಿ ಹುಡುಕು.”

ಹಾರ್ನುಗಳ ಆರ್ಭಟ ಸ್ವಲ್ಪ ಹೊತ್ತು ನಡೆಯಿತು. ಸ್ಕೂಟರುಗಳು ಗೊಣಗುತ್ತಾ ಸಂದಿಯಲ್ಲಿ ನುಸುಳಿದವು. ನರ್ಸಿಂಗ್ ಹೋಮಿನ ಕಾವಲುಗಾರ ಹೊರಗೆ ಬಂದು, “ಒಳಗೆ ಪೇಶಂಟ್‌ಗಳಿದ್ದಾರೆ, ನಿಲ್ಲಿಸ್ರೋ,” ಎಂದು ಕೂಗಿದ. ಎರಡನೇ ಕಾರಿನ ಡ್ರೈವರ್ ಎತ್ತಿದ ಬಾನೆಟ್ಟನ್ನು ನೋಡಿ, “ಗೇಲಿ ಕಾಮಾತೂನ್, ಕೆಟ್ಟೇ ಹೋಯ್ತು,” ಎಂದು ನಿಟ್ಟುಸಿರುಬಿಟ್ಟು ತನ್ನ ಎಂಜಿನ್ ಆರಿಸಿದ. ಗ್ಯಾಸ್ ಸುಮ್ಮನೆ ಯಾಕೆ ಸುಡಬೇಕು? ಅವನ ಹಿಂದಿನವನೂ ಆರಿಸಿದ. ಅವನ ಹಿಂದಿನವನೂ.

ಆಗ ಕೃತಿ ಎಣಿಸದೇ ಇದ್ದ ಒಂದು ಸಂಗತಿ ನಡೆಯಿತು.

ಎಂಜಿನ್ ಆರಿದ ಮೇಲೆ ಏಸಿಯೂ ನಿಂತಿತು. ಏಸಿ ನಿಂತ ಮೇಲೆ ಬಿಸಿಲಿನಲ್ಲಿ ಗಾಜು ಮುಚ್ಚಿ ಕುಳಿತುಕೊಳ್ಳುವವರು ಯಾರು? ಸಾಲಿನುದ್ದಕ್ಕೂ ಕಿಟಕಿಗಳು ಒಂದೊಂದಾಗಿ ಕೆಳಗಿಳಿದವು. ಒಂದೊಂದು ಕಿಟಕಿಯಿಂದಲೂ ಒಂದೊಂದು ತಲೆ ಹೊರಗೆ ಬಂತು. ಎರಡು ಜಡೆಯವರು, ಕನ್ನಡಕದವರು, ಬಾಯಿತುಂಬ ಚಿಪ್ಸ್ ತುಂಬಿಕೊಂಡವರು. ಎಲ್ಲರೂ ಬಸ್ಸಿನವರೇ.

“ಏ, ನೀನೂ ಇದೇ ಸಾಲಿನಲ್ಲಿದ್ದೀಯಾ?” ಎಂದು ಒಬ್ಬ ಹಿಂದಿನ ಕಾರಿನವನನ್ನು ಕೇಳಿದ.

“ನಾನು ದಿನಾ ನಿನ್ನ ಹಿಂದೇನೇ ಇರ್ತೀನಿ. ನೀನೇ ತಿರುಗಿ ನೋಡಲ್ಲ.”

ಕೃತಿ ಎರಡನೇ ಕಾರಿನ ಕಿಟಕಿಯವಳಿಗೆ ಹೇಳಿದಳು: “ಅಶ್ವಿನ್ ತಪ್ಪಿ ಬೇರೆ ಕಾರು ಹತ್ತಿದ್ದಾನೆ. ನಿನ್ನ ಹಿಂದಿನವರಿಗೆ ಕೇಳು.”

ಆ ಹುಡುಗಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದಳು: “ಅಶ್ವಿನ್ ಇದ್ದಾನಾ?”

“ಇಲ್ಲ. ಅಶ್ವಿನ್ ಇದ್ದಾನಾ?” ಎಂದ ಅದರ ಹಿಂದಿನವನು ತನ್ನ ಹಿಂದಿನವನಿಗೆ.

ಪ್ರಶ್ನೆ ಕಿಟಕಿಯಿಂದ ಕಿಟಕಿಗೆ ನೆಗೆಯುತ್ತಾ ಹೋಯಿತು. ಕೃತಿಯ ಕಾಲುಗಳಿಗಿಂತ ಅದೇ ಬೇಗ ಓಡಿತು. ಅವಳು ನಿಂತಲ್ಲೇ ನಿಂತು ಕಿವಿಗೊಟ್ಟಳು. ದನಿ ದೂರವಾಯಿತು, ಸಣ್ಣದಾಯಿತು, ಆಮೇಲೆ ಕೇಳಿಸಲೇ ಇಲ್ಲ.

ರಾಗಿಣಿ ಅವಳ ಕೈ ಹಿಡಿದುಕೊಂಡಳು. ಹೋದ ಸಲದ ಹಸಿರಿಗೆ ಜಾರಿಹೋದ ಕಾರುಗಳು ಕೃತಿಯ ಕಣ್ಣ ಮುಂದೆ ಬಂದವು.

ಆಗ ಉತ್ತರ ಬಂತು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ, ನಗು ಸೇರಿಸಿಕೊಳ್ಳುತ್ತಾ ಬಂತು.

“ಇದ್ದಾನೆ. ಮಲಗಿದ್ದಾನೆ.”

“ಇದ್ದಾನಂತೆ, ಮಲಗಿದ್ದಾನಂತೆ.”

“ಅಕ್ಕಾ, ಇದ್ದಾನೆ. ಗೊರಕೆ ಹೊಡೀತಿದ್ದಾನಂತೆ.”

ಯಾರೂ ಇದ್ದಂತೆ ಕಾಣದೆ ಅವಳು ದಾಟಿ ಬಂದಿದ್ದ ಕಾರು ಅದು. ಕೃತಿ ತಲುಪುವಷ್ಟರಲ್ಲಿ ಅದರ ಡ್ರೈವರ್ ಕೆಳಗಿಳಿದು ಹಿಂದಿನ ಬಾಗಿಲನ್ನು ತೆರೆದು ನಿಂತಿದ್ದ. ಅವನೂ ಇನ್ನೂ ಹುಡುಗನಂತೆಯೇ ಕಾಣುತ್ತಿದ್ದ. ಸೀಟಿನ ಮೇಲೆ ಬ್ಯಾಗನ್ನು ದಿಂಬಿನಂತೆ ತಲೆಗಿಟ್ಟುಕೊಂಡಿದ್ದ ಅಶ್ವಿನ್ ಆಗಷ್ಟೇ ಕಣ್ಣುಜ್ಜಿಕೊಳ್ಳುತ್ತಾ ಎದ್ದಿದ್ದ.

“ಜಯಂತಾನಾ ಅಂತ ಕೇಳಿದೆ, ತಲೆ ಆಡಿಸಿದ,” ಎಂದ ಡ್ರೈವರ್. “ಮಹಾಲ್‌ಗಾ ಅಂದೆ, ಅದಕ್ಕೂ ಆಡಿಸಿದ. ಹಿಂದಿನವರು ಹಾರ್ನ್ ಹೊಡೀತಿದ್ರು, ಹೊರಟುಬಿಟ್ಟೆ. ಇವನಿಗೆ ಏನಾದ್ರೂ ಆಗಿದ್ರೆ ನನ್ನ ಗತಿ ಏನಾಗ್ತಿತ್ತು, ತಾಯೀ.”

“ಅಕ್ಕಾ, ಎಷ್ಟ್ ತಡಾ ಮಾಡಿದಿ,” ಎಂದ ಅಶ್ವಿನ್.

“ಇದು ನಮ್ಮ ಕಾರಲ್ಲೋ.”

“ಬಿಳಿ ಕಾರಿನ್ಯಾಗ ಕೂಡು ಅಂತ ನೀನಽ ಹೇಳಿದಿ. ಇದೂ ಬಿಳೀನಽ ಐತಿ.”

ಕೃತಿ ಅವನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು ಕೈಹಿಡಿದು ಇಳಿಸಿದಳು.

ಜಯಂತ ಹತ್ತಲು ಹೋದರೆ ಡ್ರೈವರ್ ಅಡ್ಡ ನಿಂತ. “ಹೆಸರು ಹೇಳು. ಪೂರ್ತಿ ಹೆಸರು, ಪಪ್ಪಾನ ಹೆಸರು, ಮನೆ ಎಲ್ಲಿ, ಎಲ್ಲಾ ಹೇಳು.”

“ಆಧಾರ್ ಕಾರ್ಡ್ ತರಲಾ ಕಾಕಾ?” ಎಂದ ಜಯಂತ. ಅಕ್ಕಪಕ್ಕದ ಕಿಟಕಿಗಳೆಲ್ಲಾ ನಕ್ಕವು.

ಅಷ್ಟರಲ್ಲಿ ಫುಟ್‌ಪಾತಿನ ಮೇಲೆ ಯಾರೋ ಓಡುತ್ತಾ ಬರುವುದು ಕಾಣಿಸಿತು. ಮಮ್ಮಿ. ಶಾಲೆಯಿರುವ ರಾಮದಾಸಪೇಠ್ ಬಡಾವಣೆಯ ಇನ್ನೊಂದು ಮಗ್ಗುಲಲ್ಲಿದ್ದ ಆಸ್ಪತ್ರೆಯ ಲ್ಯಾಬಿನಲ್ಲಿ ಅವರ ಕೆಲಸ. ತಲೆಯ ಮೇಲಿನ ನೀಲಿ ಟೋಪಿಯನ್ನೂ ತೆಗೆದಿರಲಿಲ್ಲ. ಅವರು ಅಶ್ವಿನ್‌ನನ್ನು ಎಳೆದು ಅಪ್ಪಿಕೊಂಡರು. ಆಮೇಲೆ ಕೃತಿಯ ಕಡೆ ತಿರುಗಿದರು.

“ನೀ ಎಲ್ಲಿದ್ದಿ?”

“ಚಾರ್ಟಿಗೆ ಬಣ್ಣಾ ಹಚ್ಚಲಿಕ್ಕತ್ತಿದ್ದೆ. ಅವನ್ನ ಒಬ್ಬನ್ನಽ ಕಳಿಸಿದೆ.” ಕೃತಿ ನೆಲ ನೋಡಲಿಲ್ಲ, ಮಮ್ಮಿಯ ಮುಖವನ್ನೇ ನೋಡಿ ಹೇಳಿದಳು.

ಗಲ್ಲಿಯಲ್ಲಿನ್ನೂ ನಿಂತಿದ್ದ ಹೊಗೆಗೆ ಅಶ್ವಿನ್ ಎರಡು ಸಲ ಕೆಮ್ಮಿದ.

“ಮಮ್ಮಿ, ಇಷ್ಟು ಜಲ್ದಿ ಹ್ಯಾಂಗ ಬಂದಿ?” ಎಂದು ಕೃತಿ ಕೇಳಿದಳು.

“ಕಾರ್ ನೋಡಿದೆ. ಬರಾಕ ಹದಿಮೂರು ನಿಮಿಷ ಅಂತ ತೋರಿಸ್ತು. ಎಲ್ಲಿ ಕಾಯ್ಕೋತ ಕೂಡ್ಲಿ? ಓಡ್ಕೋತ ಬಂದೆ.”

ಹೇಳಿದ ಮೇಲೆ ಮಮ್ಮಿ ಆ ಉದ್ದನೆಯ ಸಾಲನ್ನು ನೋಡಿದರು. ಕೈಯಲ್ಲಿದ್ದ ಫೋನನ್ನೂ ನೋಡಿದರು. ಅದರಲ್ಲಿ ಮಕ್ಕಳಿಗೆಂದು ಕರೆಸಿದ್ದ ಪುಟ್ಟ ಕಾರಿನ ಚಿತ್ರ ಇನ್ನೂ ಶಾಲೆಯ ಗೇಟಿನಲ್ಲೇ ನಿಂತಿತ್ತು.

“ನಾವೂ ನಡಕೋತ ಹೋಗೂಣು,” ಎಂದಳು ಕೃತಿ. “ಧಂತೋಲಿಯ ನಮ್ಮ ಮನಿ ಏನ್ ಭಾಳ ದೂರ ಇಲ್ಲ.”

“ಇವತ್ತೇನೋ ನಾ ಇದೀನಿ. ದಿನಾ ಲ್ಯಾಬ್ ಬಿಟ್ಟು ಬರಾಕ ಆಗ್ತೈತೇನು? ನಡುವ ದೊಡ್ಡ ರಸ್ತಾ ದಾಟಬೇಕು. ಇವ ನೋಡಿದ್ರ ಯಾರು ಏನು ಕೇಳಿದ್ರೂ ತಲಿ ಅಲ್ಲಾಡಸ್ತಾನ.”

ಕೃತಿ ಜಾಗ ಬಿಟ್ಟು ಕದಲಲಿಲ್ಲ.

“ಆಂಟಿ, ದಿನಾ ನಮ್ಮ ಜೊತೆ ನಡೆಯೋಕೆ ನಮ್ಮಜ್ಜಿ ಬರ್ತಾರೆ,” ಎಂದಳು ರಾಗಿಣಿ. “ಸೀತಾಲಕ್ಷ್ಮಿ ಅಜ್ಜಿ. ಬಸ್ಸಿದ್ದಾಗ ಸ್ಟಾಪಿನಲ್ಲಿ ನಮ್ಮನ್ನೆಲ್ಲಾ ಹತ್ತಿಸ್ತಿದ್ದದ್ದು ಅವರೇ. ಈಗ ಮನೇಲಿ ಕೂತು ಕಾಲು ಹಿಡ್ಕೊಳ್ತು ಅಂತ ಗೊಣಗ್ತಾ ಇರ್ತಾರೆ.”

“ಬರ್ತೀನಂತ ಅವ್ರು ಹೇಳ್ಯಾರೇನು?”

“ಇನ್ನೂ ಕೇಳಿಲ್ಲ,” ಎಂದಳು ಕೃತಿ. “ಇವತ್ತು ಸಂಜೀಕ ಹೋಗಿ ಕೇಳ್ತೀನಿ. ನಮ್ಮ ಜೋಡಿ ನಡೀತಾಳೇನಂತ ಗ್ರೀಷ್ಮಾನ ಮನಿಗೂ ಹೋಗಿ ಕೇಳ್ತೀನಿ.”

ಮಮ್ಮಿ ಗೇಟಿನಲ್ಲಿ ಕಾಯುತ್ತಿದ್ದ ಡ್ರೈವರಿಗೆ ಫೋನ್ ಮಾಡಿ, ಮಕ್ಕಳು ಬರುವುದಿಲ್ಲವೆಂದೂ ಅವನಿಗೆ ಸಲ್ಲಬೇಕಾದ್ದನ್ನು ಕೊಡುವುದಾಗಿಯೂ ಹೇಳಿದರು. ಆಮೇಲೆ ರಾಗಿಣಿಯ ಅಮ್ಮನಿಗೂ ಗಾರ್ಡ್ ಮಾಮಾನಿಗೂ ಫೋನ್ ಮಾಡಿ, ರಾಗಿಣಿ ತಮ್ಮ ಜೊತೆ ಬರುತ್ತಾಳೆಂದು ತಿಳಿಸಿದರು.

ಗಲ್ಲಿಯ ತುದಿಯಲ್ಲಿ ಬಾನೆಟ್ ದಢ್ ಎಂದು ಮುಚ್ಚಿಕೊಂಡಿತು. ಮೀಸೆಯ ಡ್ರೈವರ್ ದೂರದಿಂದಲೇ ಕೈ ಎತ್ತಿ, ಸಿಕ್ಕಿದನೇ ಎಂಬಂತೆ ಬೆರಳಾಡಿಸಿದ. ಕೃತಿ ತಮ್ಮನ ಕೈಯನ್ನು ಮೇಲೆತ್ತಿ ತೋರಿಸಿದಳು.

ಎಂಜಿನ್‌ಗಳು ಒಂದರ ಹಿಂದೆ ಒಂದು ಎದ್ದವು. ಕಿಟಕಿಯ ಗಾಜುಗಳು ಒಂದೊಂದಾಗಿ ಮೇಲೇರಿದವು. ಜಡೆಗಳು, ಕನ್ನಡಕಗಳು, ನಗುತ್ತಿದ್ದ ಬಾಯಿಗಳು ಎಲ್ಲವೂ ಅವುಗಳ ಹಿಂದೆ ಮರೆಯಾದವು. ಹೊರಗಿನಿಂದ ನೋಡಿದರೆ ಈಗ ಮತ್ತೆ ಎಲ್ಲವೂ ಒಂದೇ ತರಹದ ಬಿಳಿ ಕಾರುಗಳು.

ಆದರೆ ಯಾವುದರೊಳಗೆ ಯಾರು ಕುಳಿತಿದ್ದಾರೆಂದು ಕೃತಿಗೆ ಈಗ ಗೊತ್ತಿತ್ತು.

“ರಾಗಿಣಿ, ಈ ಸಾಲಿನ್ಯಾಗ ನಮ್ಮ ಧಂತೋಲಿಯವ್ರು ಯಾರ್ಯಾರು ಅದಾರ, ಹೇಳು,” ಎಂದಳು. ತಮ್ಮನನ್ನು ಗೋಡೆಯ ಬದಿಗೆ ಸರಿಸಿ, ತಾನು ಕಾರುಗಳ ಬದಿಗೆ ಬಂದು ನಡೆಯತೊಡಗಿದಳು.